ನಾಲ್ಕಿದ್ದದ್ದು ಆರಾಯ್ತು

ಮನೆಯ ವಾಟ್ಸಾಪ್ ಗ್ರೂಪಿಗೆ ಭಾವ ಒಂದು ಫಾರ್ವರ್ಡ್ ಹಾಕಿದ್ದರು. ‘ನಗರದಲ್ಲಿ ಒಂದೇ ತಿಂಗಳಲ್ಲಿ ಕೊಲೆ ಶೇ. 50 ಹೆಚ್ಚಳ!’ ಪಕ್ಕದಲ್ಲಿ ಮೇಲೆ ನೋಡುವ ಕೆಂಪು ಬಾಣ. ಅತ್ತೆ ಅಷ್ಟರಲ್ಲೇ ‘ರಾತ್ರಿ ಯಾರೂ ಆಚೆ ಹೋಗ್ಬೇಡಿ’ ಅಂತ ಬರೆದಾಗಿತ್ತು. ‘ಭಾವ, ಎಷ್ಟಿದ್ದದ್ದು ಎಷ್ಟಾಯ್ತು?’ ಅಂತ ಕೇಳಿದೆ. ಅರ್ಧ ಗಂಟೆ ಹುಡುಕಿ ಉತ್ತರ ಹಾಕಿದರು: ‘ನಾಲ್ಕಿತ್ತು, ಆರಾಗಿದೆ.’

ಆರು ಜೀವ ಹೋದದ್ದು ಸಣ್ಣ ವಿಷಯ ಅಲ್ಲ. ಆದರೆ ಒಂದೇ ಮನೆಯ ಆಸ್ತಿ ಜಗಳದಲ್ಲಿ ಇಬ್ಬರು ಸತ್ತರೂ ಈ ಶೇ. 50 ಬಂದುಬಿಡುತ್ತದೆ. ಅದರಿಂದ ಇಡೀ ನಗರ ಕೆಟ್ಟುಹೋಯಿತು ಅನ್ನೋದು ಹೇಗೆ?

ದೊಡ್ಡ ದೊಡ್ಡ ಪತ್ರಿಕೆಗಳೂ ಇಲ್ಲೇ ಎಡವುತ್ತವೆ. 2018ರ ಫೆಬ್ರವರಿಯಲ್ಲಿ ಲಂಡನ್‌ನಲ್ಲಿ 15 ಕೊಲೆ, ನ್ಯೂಯಾರ್ಕ್‌ನಲ್ಲಿ 14. ಒಂದೇ ಒಂದು ಜಾಸ್ತಿ! ‘ನ್ಯೂಯಾರ್ಕನ್ನೂ ಹಿಂದಿಕ್ಕಿದ ಲಂಡನ್’ ಅಂತ ಸುದ್ದಿಯೋ ಸುದ್ದಿ. ಲಂಡನ್‌ನಲ್ಲಿ ಆ ವರ್ಷ ಚಾಕು ಇರಿತದ ಹಾವಳಿ ಇದ್ದದ್ದು ನಿಜ, ಅದನ್ನು ಬರೆಯಲೇಬೇಕಿತ್ತು. ಆದರೆ ವರ್ಷ ಮುಗಿದಾಗ ನ್ಯೂಯಾರ್ಕ್ 290ರ ಹತ್ತಿರ, ಲಂಡನ್ 130ರ ಆಸುಪಾಸು. ಎರಡೂ ಕಡೆ ಜನಸಂಖ್ಯೆ ಹೆಚ್ಚುಕಮ್ಮಿ ಒಂದೇ, 80 ಲಕ್ಷದ ಮೇಲೆ.

ಎಲ್ಲಿಂದ ಎಣಿಸಲು ಶುರು ಮಾಡುತ್ತೀರಿ ಅನ್ನೋದರಲ್ಲೂ ಆಟ ಇದೆ. ನ್ಯೂಯಾರ್ಕ್‌ನಲ್ಲಿ 2019ರಲ್ಲಿ 320ರ ಆಸುಪಾಸು ಇದ್ದ ಕೊಲೆ, 2020ರಲ್ಲಿ 470ರ ಹತ್ತಿರ ಹೋಯಿತು. ಭಯ ಹುಟ್ಟಿಸುವ ಏರಿಕೆಯೇ. ಆದರೆ 1990ರಲ್ಲಿ ಅದೇ ನಗರದಲ್ಲಿ 2,200ಕ್ಕೂ ಹೆಚ್ಚು ಕೊಲೆ ಆಗಿದ್ದವು, ಅದೂ ಈಗಿನದಕ್ಕಿಂತ ಕಮ್ಮಿ ಜನ ಇದ್ದಾಗ. ‘ಊರು ಹಾಳಾಯಿತು’ ಅನ್ನುವವನ ಕೈಯಲ್ಲಿ 2019 ಇರುತ್ತದೆ. ‘ಏನೂ ಆಗಿಲ್ಲ ಬಿಡಿ’ ಅನ್ನುವವನ ಕೈಯಲ್ಲಿ 1990. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಅದೇ ತಲೆನೋವು.

ಇನ್ನು ಎಣಿಕೆ. ಕೊಲೆಯ ಲೆಕ್ಕವನ್ನು ಸಾಮಾನ್ಯವಾಗಿ ಬೇರೆ ಅಪರಾಧಗಳ ಲೆಕ್ಕಕ್ಕಿಂತ ಹೆಚ್ಚು ನಂಬಬಹುದು. ಮೊಬೈಲ್ ಕಳುವಾದರೆ ಎಷ್ಟೋ ಜನ ದೂರೇ ಕೊಡುವುದಿಲ್ಲ. ಹೆಣವನ್ನು ಹಾಗೆ ಸುಮ್ನೆ ಬಿಡೋಕಾಗಲ್ಲ. ಆದರೂ ಎಡವಟ್ಟು ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2002–03ರ ಕೊಲೆ ಪಟ್ಟಿ ನೋಡಿದರೆ ಸಂಖ್ಯೆ ದಿಢೀರ್ ಅಂತ ಮೇಲೆ ಹಾರಿದೆ. ಆ ವರ್ಷ ಅಲ್ಲಿ ಅಂಥದ್ದೇನೂ ಆಗಿರಲಿಲ್ಲ. ಹೆರಾಲ್ಡ್ ಶಿಪ್‌ಮನ್ ಅನ್ನುವ ಡಾಕ್ಟರು ವರ್ಷಗಟ್ಟಲೆ ತನ್ನ ರೋಗಿಗಳನ್ನೇ ಕೊಂದದ್ದು ವಿಚಾರಣಾ ಆಯೋಗದಿಂದ ಹೊರಬಂತು. ಅಂಥ 172 ಹಳೇ ಸಾವುಗಳು ಒಟ್ಟಿಗೆ ಆ ವರ್ಷದ ಪುಸ್ತಕಕ್ಕೆ ಸೇರಿದವು. ಸತ್ತದ್ದು ಯಾವಾಗಲೋ, ಬರೆದದ್ದು ಆಗ. ಗ್ರಾಫ್ ಮಾತ್ರ ನೋಡಿದವರಿಗೆ ಇದು ಗೊತ್ತಾಗುವುದಾದರೂ ಹೇಗೆ? 2001ರ ನ್ಯೂಯಾರ್ಕ್‌ನದ್ದು ಇದರ ತಿರುವುಮುರುವು. ಆ ವರ್ಷದ ಕೊಲೆ ಲೆಕ್ಕದಲ್ಲಿ ಅವಳಿ ಗೋಪುರದ ಸಾವುಗಳನ್ನು ಸೇರಿಸಿಯೇ ಇಲ್ಲ.

ನನ್ನನ್ನು ಜಾಸ್ತಿ ಕಾಡುವುದು ಆಸ್ಪತ್ರೆ. ಒಬ್ಬನ ಹೊಟ್ಟೆಗೆ ಚಾಕು ಬಿತ್ತು ಅಂದುಕೊಳ್ಳಿ. ಆಂಬ್ಯುಲೆನ್ಸ್ ಹತ್ತು ನಿಮಿಷಕ್ಕೆ ಬಂದರೆ ಅದು ಕೊಲೆ ಯತ್ನ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಅದೇ ಕೊಲೆ. ಇರಿದವನ ಸಿಟ್ಟು, ಚಾಕುವಿನ ಉದ್ದ ಎರಡೂ ಅಷ್ಟೇ. ಹಾಗಾಗಿ ಕೊಲೆ ಇಳಿದಾಗ ನಾನು ಕೊಲೆ ಯತ್ನದ ಸಂಖ್ಯೆಯನ್ನೂ ನೋಡುತ್ತೇನೆ. ಅದು ಏರುತ್ತಲೇ ಇದ್ದರೆ ಹೊಗಳಿಕೆ ಪೊಲೀಸರಿಗಿಂತ ಮೊದಲು ಸರ್ಜನ್‌ಗಳಿಗೆ ಹೋಗಬೇಕು, ಅಲ್ವಾ?

ಇದನ್ನೆಲ್ಲ ಗ್ರೂಪಿನಲ್ಲಿ ಬರೆದೆ. ಭಾವ ಒಂದು ಹೆಬ್ಬೆರಳು ಒತ್ತಿ ಸುಮ್ಮನಾದರು. ಮುಂದಿನ ತಿಂಗಳು ಅವರಿಂದಲೇ ಇನ್ನೊಂದು ಫಾರ್ವರ್ಡ್ ಬಂತು: ‘ಪೊಲೀಸರ ಬಿಗಿ ಕ್ರಮ, ಕೊಲೆ ಶೇ. 33 ಇಳಿಕೆ!’ ಈ ಸಲ ಬಾಣ ಹಸಿರು. ನಾನು ಕೇಳುವ ಮೊದಲೇ ಅವರೇ ಕೆಳಗೆ ಬರೆದಿದ್ದರು: ‘ಆರಿತ್ತು, ನಾಲ್ಕಾಗಿದೆ. ಏರುವಾಗ 50, ಇಳಿಯುವಾಗ 33. ಇದ್ಯಾವ ಲೆಕ್ಕ ಮಾರಾಯ?’