ಈ ದಸರಾ ರಜೆಗೆ ಮಕ್ಕಳನ್ನು ದಾವಣಗೆರೆಗೆ ಕರೆದುಕೊಂಡು ಹೋಗಿ

"ಊರವರೆಲ್ಲ ರಜೆಗೆ ಕೊಡಗಿಗೆ ಬರ್ತಾರೆ, ನೀವು ದಾವಣಗೆರೆಗೆ ಹೋಗ್ತೀರಾ?" ಸೋಮವಾರಪೇಟೆಯಲ್ಲಿ ಪಕ್ಕದ ಮನೆಯ ಅಕ್ಕ ಕೇಳಿದರು. ಹೌದು, ದಾವಣಗೆರೆಗೇ. ಬೆಟ್ಟ, ಮಂಜು, ಜಲಪಾತ ನಮ್ಮ ಮಕ್ಕಳಿಗೆ ಮನೆ ಹಿತ್ತಲಿದ್ದ ಹಾಗೆ. ಒಂದು ಪೇಟೆ ಹೇಗೆ ದುಡಿಯುತ್ತದೆ ಅನ್ನುವುದನ್ನು ಅವರು ಕಂಡಿಲ್ಲ.

ನಮ್ಮ ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ ಅಲ್ವಾ? ಅಲ್ಲಿ ನಿಲ್ದಾಣ ಊರೊಳಗೇ ಇದೆ. ಮಗ ಅರ್ಧ ಗಂಟೆ ಕೂತು ಗೂಡ್ಸ್ ಗಾಡಿಯ ಡಬ್ಬಿ ಎಣಿಸಿದ. ನಾವೂ ಅವಸರ ಮಾಡಲಿಲ್ಲ.

ಹತ್ತಿ ಗಿರಣಿಗಳಿದ್ದ ಕಾಲದಲ್ಲಿ ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು. ತಂಗಿಯ ಮಾವನವರು ಅಂಥ ಒಂದು ಗಿರಣಿಯಲ್ಲಿ ದುಡಿದವರು. ರಾತ್ರಿ ಪಾಳಿ ಮುಗಿಸಿ ಬಂದಾಗ ತಲೆಗೂದಲ ತುಂಬ ಹತ್ತಿ ಎಳೆ ಇರುತ್ತಿತ್ತಂತೆ. ಗಿರಣಿ ಮುಚ್ಚಿದ ಮೇಲೆ ಪಟ್ಟ ಕಷ್ಟವನ್ನೂ ಹೇಳಿದರು. ಮಕ್ಕಳು ಸುಮ್ನೆ ಕೂತು ಕೇಳಿದರು. ಹಳೆಯ ನೂಲುವ ಯಂತ್ರವೊಂದನ್ನು ಗಾಜಿನ ಮನೆಯ ಪಕ್ಕದಲ್ಲಿಟ್ಟು ತೋರಿಸಿದರೆ ಎಷ್ಟು ಚೆನ್ನ ಅನಿಸಿತು ನನಗೆ. ಲಾಲ್‌ಬಾಗಿನ ಮಾದರಿಯ ಆ ಗಾಜಿನ ಮನೆ ಕುಂದುವಾಡ ಕೆರೆಯ ಹತ್ತಿರವಿದೆ. ಸಂಜೆ ಅಲ್ಲಿಗೆ ಹೋಗಿ.

ನನ್ನ ಮಕ್ಕಳಿಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಮಂಡಕ್ಕಿ ಭಟ್ಟಿ. ನಮ್ಮ ಕಡೆ ಪುರಿ ಅನ್ನುವುದೇ ಅಲ್ಲಿ ಮಂಡಕ್ಕಿ. ಉಪ್ಪು ಹಿಡಿದ ಅಕ್ಕಿ ಕಾದ ಮರಳಿಗೆ ಬಿದ್ದ ಕೂಡಲೇ ಚಟಪಟ ಅರಳುತ್ತದೆ. ಕಣದಲ್ಲಿ ಕಾಫಿ ವಾರಗಟ್ಟಲೆ ಒಣಗುವುದನ್ನು ನೋಡಿ ಬೆಳೆದ ಮಗಳು, "ಇಷ್ಟು ಬೇಗನಾ?" ಅಂದಳು. ಆ ಬಿಸಿಯಲ್ಲಿ ದಿನವಿಡೀ ನಿಂತವರ ಬೆವರು ನೋಡಿದ ಮೇಲೆ ಅವಳು ತಟ್ಟೆಯಲ್ಲಿ ಒಂದು ಕಾಳೂ ಬಿಡಲಿಲ್ಲ. ಸಂಜೆ ಖಾರ ಮಂಡಕ್ಕಿ, ಜೊತೆಗೆ ಮಿರ್ಚಿ. ಬೆಣ್ಣೆ ದೋಸೆ ಬಗ್ಗೆ ನಾನು ಹೇಳಬೇಕಿಲ್ಲ. 1928ರಲ್ಲಿ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬುವರು ಮೊದಲು ರಾಗಿ ದೋಸೆ ಮಾಡಿ ಮಾರುತ್ತಿದ್ದರು, ಅಲ್ಲಿಂದ ಇದು ಬೆಳೆಯಿತು ಅಂತ ಊರವರು ಹೇಳುತ್ತಾರೆ.

ಇನ್ನೊಂದು ದಿನ ಇದ್ದರೆ ಹರಿಹರ ನೋಡಿ. ತುಂಗಭದ್ರೆಯ ದಡದ ಹರಿಹರೇಶ್ವರ ದೇವಸ್ಥಾನವನ್ನು ಸುಮಾರು 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಒಂದೇ ಮೂರ್ತಿಯಲ್ಲಿ ಅರ್ಧ ಶಿವ, ಅರ್ಧ ವಿಷ್ಣು. ವಾಪಸ್ ಬರುವಾಗ ಚನ್ನಗಿರಿ ದಾರಿ ಹಿಡಿದರೆ ಸಂತೇಬೆನ್ನೂರಿನ ಪುಷ್ಕರಣಿ ಸಿಗುತ್ತದೆ.

ಏಪ್ರಿಲ್, ಮೇನಲ್ಲಿ ಮಾತ್ರ ಬೇಡ. ನಮ್ಮ ಮಕ್ಕಳು ಆ ಬಿಸಿಲು ತಡೆಯುವುದಿಲ್ಲ. ಭಟ್ಟಿಯವರನ್ನು ಕೇಳಿಕೊಂಡೇ ಒಳಗೆ ಹೋಗಿ, ಅದು ಅವರ ಕೆಲಸದ ಜಾಗ. ಬೆಂಕಿ ಇರುತ್ತದೆ, ಚಿಕ್ಕವರ ಕೈ ಬಿಡಬೇಡಿ.