ಕೂಸಿನ ಕಣ್ಣಿನ ಅದುರುವಿಕೆ ಮತ್ತು ಥೈರಾಯ್ಡ್: ಒಂದು ಸ್ಪಷ್ಟನೆ

"ಕೂಸಿನ ಕಣ್ಣು ಅದುರಿದರೆ ಅದು ತಾಯಿಯಿಂದ ಬಂದ ಥೈರಾಯ್ಡ್, ಕಣ್ಣು ನೆಟ್ಟಗಿದ್ದರೆ ಹಿಮ್ಮಡಿಯ ರಕ್ತಪರೀಕ್ಷೆ ಬೇಡ" ಎಂಬ ಸಂದೇಶ ಕೋಲಾರ, ಮುಳಬಾಗಿಲು ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ಮಾತು ತಪ್ಪು, ಎರಡನೆಯದು ಅಪಾಯಕಾರಿ. ಇಲ್ಲಿ ಕಣ್ಣು ಅದುರುವುದೆಂದರೆ ರೆಪ್ಪೆ ಮಿಡಿಯುವುದಲ್ಲ, ಕಣ್ಣುಗುಡ್ಡೆ ತಾನಾಗಿಯೇ ಅತ್ತಿತ್ತ ಓಲಾಡುವುದು.

ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಬಹುತೇಕ ಮಕ್ಕಳು ಮೊದಲ ದಿನಗಳಲ್ಲಿ ಎಲ್ಲ ಕೂಸುಗಳಂತೆಯೇ ಕಾಣುತ್ತವೆ. ಹಿಮ್ಮಡಿಗೆ ಸೂಜಿ ಚುಚ್ಚಿ ಕಾಗದದ ಮೇಲೆ ಹಿಡಿಯುವ ಕೆಲವು ಹನಿ ರಕ್ತದಿಂದ ಕೊರತೆಯನ್ನು ಬೇಗ ಪತ್ತೆಹಚ್ಚಿ, ಎರಡು ವಾರದೊಳಗೆ ವೈದ್ಯರು ಹೇಳಿದ ಮಾತ್ರೆಯನ್ನು ಪುಡಿಮಾಡಿ ಚಮಚದಷ್ಟು ಎದೆಹಾಲಿನಲ್ಲಿ ಕೊಡಲಾರಂಭಿಸಿದರೆ, ಬುದ್ಧಿಯ ಬೆಳವಣಿಗೆ ಕುಂಠಿತವಾಗುವುದನ್ನು ತಡೆಯಬಹುದು. ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಥೈರಾಯ್ಡ್ ಗ್ರಂಥಿಯೇ ಸರಿಯಾಗಿ ರೂಪುಗೊಂಡಿರುವುದಿಲ್ಲ. ಅದು ಸಾಮಾನ್ಯವಾಗಿ ವಂಶದಿಂದ ಬಂದದ್ದಲ್ಲ. ಉಳಿದವರಲ್ಲಿ ಹಾರ್ಮೋನು ತಯಾರಿಕೆಯ ದೋಷ ಹೆಚ್ಚಾಗಿ ತಂದೆತಾಯಿ ಇಬ್ಬರಿಂದಲೂ ಬರುತ್ತದೆ. ಸೋದರಮಾವ, ಅತ್ತೆಮಗ ಎಂದು ಸಂಬಂಧದಲ್ಲೇ ಮದುವೆಯಾದವರು ಇದನ್ನು ವೈದ್ಯರಿಗೆ ತಿಳಿಸಬೇಕು. ಬಾಣಂತಿಯೊಬ್ಬಳನ್ನೇ ದೂರುವುದು ಅನ್ಯಾಯ.

ಕಣ್ಣು ಅದುರುವುದಕ್ಕೆ ಎಕ್ಸ್ ವರ್ಣತಂತುವಿನ ಎಫ್‌ಆರ್‌ಎಂಡಿ7 ವಂಶವಾಹಿಯ ದೋಷದಂಥ ಬೇರೆಯೇ ಕಾರಣಗಳಿವೆ. ಎಂಸಿಟಿ8 (ಥೈರಾಯ್ಡ್ ಹಾರ್ಮೋನನ್ನು ಜೀವಕೋಶಗಳೊಳಗೆ ಸಾಗಿಸುವ ಪ್ರೋಟೀನು) ಕೊರತೆಯಂಥ ಕೆಲವು ಅಪರೂಪದ ಕಾಯಿಲೆಗಳಲ್ಲಿ ಕಣ್ಣಿನ ಅದುರುವಿಕೆ, ಥೈರಾಯ್ಡ್ ತೊಂದರೆ ಎರಡೂ ಒಟ್ಟಿಗೆ ಕಾಣಬಹುದು.

ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಕಳುಹಿಸಬೇಡಿ. ಕಣ್ಣು ಅದುರುವ ಕೂಸನ್ನು ಮಕ್ಕಳ ವೈದ್ಯರಿಗೂ ಕಣ್ಣಿನ ವೈದ್ಯರಿಗೂ ತೋರಿಸಿ. ಕಣ್ಣು ಹೇಗೇ ಇರಲಿ, ಹಿಮ್ಮಡಿಯ ಪರೀಕ್ಷೆ ತಪ್ಪಿಸಬೇಡಿ.