ಗಿಡದ ಜಾತಕ

ಸಂಜೆ ನಾಲ್ಕರ ಮೇಲೆ ಕಾಫಿ ಬೇಡ ಅಂತ ಡಾಕ್ಟರು ಹೇಳಿದ್ದೇ ತಡ, ಮನೆಯಲ್ಲಿ ಎಲ್ಲರೂ ಡಾಕ್ಟರಾದರು. ನಾನು ಲೋಟಕ್ಕೆ ಕೈ ಹಾಕಿದರೆ ಸಾಕು, ಎಲ್ಲರ ಕಣ್ಣು ಗಡಿಯಾರದ ಮೇಲೆ. ಮೊನ್ನೆ ಭಾವಮೈದ ಫೋನ್ ಮಾಡಿ, "ಭಾವ, ಆಫ್ರಿಕಾದ ಕಾಡಿನಲ್ಲಿ ಕೆಫೀನೇ ಇಲ್ಲದ ಕಾಫಿ ಗಿಡ ಇದೆಯಂತೆ" ಅಂದ. ನನ್ನ ಕಾಯಿಲೆಯಿಂದ ಇವನ ಜ್ಞಾನ ಜಾಸ್ತಿಯಾಗುತ್ತಿದೆ.

ಇದೆ, ನಿಜ. ಕ್ಯಾಮರೂನಿನ ಪಶ್ಚಿಮದಲ್ಲಿ ಬಕೊಸ್ಸಿ ಕಾಡು. ಅಲ್ಲಿಯ ಮಳೆಕಾಡಿನ ನೆರಳಿನಲ್ಲಿ ಬೆಳೆಯುವ ಕುಳ್ಳ ಪೊದೆ. ಸ್ಟೊಫೆಲೆನ್, ಆಂಥನಿ ಮತ್ತಿತರರು 2008ರಲ್ಲಿ ಅದರ ವಿವರಣೆ ಪ್ರಕಟಿಸಿ, ಕಾಫಿ ಸಂಶೋಧಕ ಆಂದ್ರೆ ಚಾರಿಯೇ ಅವರ ಹೆಸರಿನಲ್ಲಿ ಕಾಫಿಯಾ ಚಾರಿಯೇರಿಯಾನಾ ಎಂದು ಕರೆದರು. ಮಧ್ಯ ಆಫ್ರಿಕಾದಲ್ಲಿ ಕೆಫೀನಿಲ್ಲದ ಕಾಫಿ ಪ್ರಭೇದ ಸಿಕ್ಕಿದ್ದು ಅದೇ ಮೊದಲು.

ಸಸ್ಯವಿಜ್ಞಾನಿಗಳು ಬರೆಯುವ ವಿವರಣೆ ಓದಿದ್ದೀರಾ? ಥೇಟ್ ಜಾತಕ. ಎತ್ತರ ಇಷ್ಟು, ಎಲೆ ಇಷ್ಟುದ್ದ, ನರ ಇಷ್ಟು ಜೋಡಿ, ಕೂದಲು ಇದೆ ಅಥವಾ ಇಲ್ಲ. ಗೋತ್ರ ರೂಬಿಯೇಸಿ, ಅಂದರೆ ನಮ್ಮ ಅಂಗಳದ ಕೇಪಳದ ದಾಯಾದಿ. 2011 ಮುಗಿಯುವವರೆಗೂ ಹೊಸ ಗಿಡವನ್ನು ಲ್ಯಾಟಿನ್ನಿನಲ್ಲೇ ಪರಿಚಯಿಸಬೇಕಿತ್ತು. ಒಣಗಿಸಿ, ಕಾಗದಕ್ಕೆ ಅಂಟಿಸಿ, ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಗುಣ ಹೇಗೆ ಅಂತ ಕೇಳಬೇಡಿ.

ಆದರೂ ಈ ಅಳತೆಗಾರರಿಂದಲೇ ನಾನು ಒಂದು ಕಲಿತೆ. ಕಾಫಿ ಎಲೆಯ ಬೆನ್ನಿನಲ್ಲಿ, ನಡುನರದಿಂದ ಪಕ್ಕದ ನರ ಕವಲೊಡೆಯುವ ಮೂಲೆಯಲ್ಲಿ, ಒಂದು ಪುಟ್ಟ ಗುಳಿ ಇರುತ್ತದೆ. ಸೂಜಿ ಮೊನೆಯಷ್ಟೇ ಬಾಯಿ. ಅದಕ್ಕೆ ಡೊಮೇಷಿಯಾ ಅನ್ನುತ್ತಾರೆ. ಕಣ್ಣಿಗೆ ಕಾಣದಂಥ ನುಸಿಗಳು ಅದರೊಳಗೆ ಸಂಸಾರ ಹೂಡುತ್ತವೆ. ಮೂಡಿಗೆರೆ ಕಡೆ ನೆಂಟರ ತೋಟಕ್ಕೆ ಹೋದಾಗ ಸುಮ್ನೆ ಇರಲಾರದೆ ಒಂದು ಅರೇಬಿಕಾ ಎಲೆ ಮಗುಚಿ ತೋರಿಸಿದೆ. ಅಷ್ಟೇ ನೋಡಿ. ಅಲ್ಲಿವರೆಗೂ ಕಾಫಿ ರೇಟು ಬಿಟ್ಟು ಬೇರೆ ಮಾತಾಡದಿದ್ದ ಯಜಮಾನರು ಕನ್ನಡಕ ಏರಿಸಿ, ತೋಟದ ಲೆಕ್ಕ ನೋಡುವ ರೈಟರನ್ನು ಕರೆದು, "ರೈಟ್ರೇ, ಇದೇನ್ರೀ ತೂತು?" ಅಂದರು. ರೈಟರು ಎಲೆಯನ್ನು ಬಿಸಿಲಿಗೆ ಹಿಡಿದು, "ಹುಳ ಸಾರ್. ಸ್ಪ್ರೇ ಮಾಡ್ಬೇಕು" ಅಂದರು. ಪಕ್ಕದ ಗಿಡದಲ್ಲೂ ತೂತು. ಆಚೆ ಸಾಲಿನಲ್ಲೂ ತೂತು. ಯಜಮಾನರ ಮುಖ ಇಳಿಯಿತು. ಕಾಂಡಕೊರಕದಲ್ಲಿ ಗಿಡ ಕಳೆದುಕೊಂಡವರು, ಪಾಪ. ಇಬ್ಬರೂ ಔಷಧಿಯ ಲೆಕ್ಕ ಹಾಕತೊಡಗಿದರು. ನಾನು ನಡುವೆ ಬಾಯಿ ಹಾಕಿದರೆ, "ನೀವು ಪೇಟೆಯೋರು, ಸುಮ್ನಿರಿ" ಅಂದರು. ಕೊನೆಗೆ ಹಣ್ಣು ಕೊಯ್ಯುತ್ತಿದ್ದ ವಯಸ್ಸಾದ ಹೆಂಗಸು ತಿರುಗಿಯೂ ನೋಡದೆ, "ಅದು ಹುಟ್ಟಾ ಇರೋದೇ. ಎಲ್ಲಾ ಎಲೇಲೂ ಇರ್ತದೆ" ಅಂದರು. ಯಜಮಾನರು ಕೆಮ್ಮಿದರು. ಆಮೇಲೆ ಮತ್ತೆ ರೇಟಿನ ಮಾತು. ದಿನವಿಡೀ ಗಿಡ ಮುಟ್ಟುವವರನ್ನು ಮೊದಲೇ ಒಂದು ಮಾತು ಕೇಳಿದ್ದರೆ ಏನು ಗಂಟು ಹೋಗುತ್ತಿತ್ತೋ.

ಎಲ್ಲಿದ್ದೆ? ಹಾಂ, ಕೆಫೀನು. ಅದು ಗಿಡದಲ್ಲಿರುವುದು ನನ್ನ ತಲೆನೋವಿಗಲ್ಲ, ಹುಳಗಳ ಕಾಟಕ್ಕೆ. ಅದೇ ಇಲ್ಲದೆ ಆ ಕುಳ್ಳ ಪೊದೆ ಬಕೊಸ್ಸಿ ಕಾಡಿನಲ್ಲಿ ಹೇಗೆ ಸಂಭಾಳಿಸುತ್ತಿದೆಯೋ, ಆ ಬಗ್ಗೆ ಗಂಭೀರವಾಗಿ ಏನಾದರೂ ಹೇಳಬೇಕು ಅಂತಲೇ ಬರೆಯಲು ಕೂತದ್ದು. ಕಾಡು ಕಾಫಿಯ 124 ಪ್ರಭೇದಗಳಲ್ಲಿ ಶೇಕಡಾ 60ರಷ್ಟು ಅಳಿವಿನ ಅಂಚಿನಲ್ಲಿವೆ ಎಂದು 2019ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಹಾಗಿರುವಾಗ ಭಾವಮೈದನಿಗೆ ಅದರ ಪುಡಿ ಕೇಜಿಗೆಷ್ಟು ಅನ್ನುವ ಚಿಂತೆ.

ಅದು ಸಿಗುವವರೆಗೆ ಡಿಕಾಫ್, ಅಂದರೆ ಕೆಫೀನ್ ತೆಗೆದ ಕಾಫಿ, ಕುಡಿಯಿರಿ ಅನ್ನುತ್ತಾನೆ. ಜರ್ಮನಿಯ ರೊಸೇಲಿಯಸ್ ಅನ್ನುವವರು ಕಳೆದ ಶತಮಾನದ ಆರಂಭದಲ್ಲಿ ಅದನ್ನು ವ್ಯಾಪಾರಕ್ಕೆ ತಂದಾಗ ಕೆಫೀನ್ ತೆಗೆಯಲು ಬಳಸಿದ್ದು ಬೆಂಜೀನು ಎಂಬ ವಿಷದ್ರವ! ಈಗ ಹಾಗೆ ಮಾಡುವುದಿಲ್ಲ, ಒಪ್ಪಿದೆ. ಆದರೂ ಅವನ ಮನೆಯಲ್ಲಿ ಕೊಟ್ಟ ಡಿಕಾಫಿಗಿಂತ ಜೀರಿಗೆ ಕಷಾಯ ವಾಸಿ. ಕಷಾಯ ತಾನು ಕಾಫಿ ಅಂತ ಸುಳ್ಳು ಹೇಳುವುದಿಲ್ಲವಲ್ಲ.